ಬಹುಮಾನಕ್ಕೆ ಬಾರದ ಕ್ಯಾಪ್ಟನ್

ಆರ್‌ಸಿಬಿ ಫ್ಯಾನ್ ಆಗಿ ಬೆಳೆದವನಿಗೆ ಎಡ್ಮಂಟನ್ ಆಯಿಲರ್ಸ್ ಅರ್ಥವಾಗೋಕೆ ಜಾಸ್ತಿ ಹೊತ್ತು ಬೇಕಿಲ್ಲ. ಆರ್‌ಸಿಬಿ ಕಥೆಯೂ 2025ರವರೆಗೆ ಹೀಗೇ ಇತ್ತು: ಊರಿಗೆ ಊರೇ ಹುಚ್ಚು, ತಂಡದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ, ಕಪ್ ಮಾತ್ರ ಇಲ್ಲ. ಆಗ ವ್ಯತ್ಯಾಸ ಇಷ್ಟೇ ಇತ್ತು, ಇವರು 1984ರಿಂದ 1990ರೊಳಗೆ ಐದು ಸಲ ಗೆದ್ದಿದ್ದರು. ಆಮೇಲೆ ಒಂದೂ ಇಲ್ಲ. ಹಾಗಾಗಿ ಇಲ್ಲಿ ಕಪ್ ಅನ್ನೋದು ಅಪ್ಪಂದಿರು ಮಕ್ಕಳಿಗೆ ಹೇಳುವ ಕಥೆ.

ನಾನು ಕೆಲಸದ ಮೇಲೆ ಕೆನಡಾದ ಈ ಊರಿಗೆ ಬಂದಾಗ ಐಸ್ ಹಾಕಿ ಅಂದ್ರೆ ಹೊಡೆದಾಟ ಅಂತಷ್ಟೇ ಗೊತ್ತಿತ್ತು. ಕಲಿಸಿದವನು ಆಫೀಸಿನಲ್ಲಿ ಪಕ್ಕದ ಡೆಸ್ಕಿನವನು, ಇದೇ ಊರಲ್ಲಿ ಹುಟ್ಟಿದವನು. ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಗೋಲಿ ಸೇರಿ ಆರು ಜನ ಐಸ್ ಮೇಲೆ. ಒಬ್ಬೊಬ್ಬರು ಮುಕ್ಕಾಲು ನಿಮಿಷ ಓಡಿ, ಉಸಿರುಗಟ್ಟಿ, ಆಟ ನಡೆಯುತ್ತಿರುವಾಗಲೇ ಬೇಲಿ ಹಾರಿ ಬೆಂಚಿಗೆ ಬರ್ತಾರೆ, ಅವರ ಜಾಗಕ್ಕೆ ಇನ್ನೊಬ್ಬ ಹಾರ್ತಾನೆ. ನಮ್ಮ ಪ್ರೊಡಕ್ಷನ್ ಸಪೋರ್ಟ್ ಶಿಫ್ಟ್ ಥರ. ಪಕ್ ಎಲ್ಲಿದೆ ಅಂತ ಕಣ್ಣಿಗೆ ಕಾಣೋಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯ್ತು.

2024ರ ಜೂನ್‌ನಲ್ಲಿ ಸ್ಟಾನ್ಲಿ ಕಪ್ ಫೈನಲ್‌ಗೆ ಬಂದವರು ಆಯಿಲರ್ಸ್ ಮತ್ತು ಫ್ಲೋರಿಡಾ ಪ್ಯಾಂಥರ್ಸ್. ಖಂಡದ ಒಂದು ತುದಿಯ ಹಿಮದೂರು, ಇನ್ನೊಂದು ತುದಿಯ ತೆಂಗಿನ ಮರದೂರು, ನಡುವೆ ನಾಲ್ಕು ಸಾವಿರ ಕಿಲೋಮೀಟರ್. ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರಿಗೆ ಕಪ್. ಮೊದಲ ಮೂರನ್ನೂ ಫ್ಲೋರಿಡಾ ಗೆದ್ದುಬಿಟ್ಟಿತು. ಅವರ ಗೋಲಿ ಬೊಬ್ರೊವ್‌ಸ್ಕಿ ಮೂರು ಪಂದ್ಯ ಸೇರಿ ಬಿಟ್ಟುಕೊಟ್ಟದ್ದು ನಾಲ್ಕೇ ಗೋಲು. ಫೈನಲ್‌ನಲ್ಲಿ 0–3ರಿಂದ ಎದ್ದು ಬಂದು ಕಪ್ ಗೆದ್ದ ತಂಡ ಇತಿಹಾಸದಲ್ಲಿ ಒಂದೇ, 1942ರ ಟೊರೊಂಟೊ.

ಆಮೇಲೆ 8–1, 5–3, 5–1. ಅದೇ ಬೊಬ್ರೊವ್‌ಸ್ಕಿಯ ತಂಡಕ್ಕೆ ಮೂರು ಪಂದ್ಯದಲ್ಲಿ ಹದಿನೆಂಟು ಗೋಲು! ನನಗೆ ಮೇ ತಿಂಗಳ ಆರ್‌ಸಿಬಿ ನೆನಪಾಯ್ತು: ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಬಂದದ್ದು. ಅದರ ಮುಂದಿನದ್ದೂ ನೆನಪಿತ್ತು, ಬಾಯಿ ಬಿಡಲಿಲ್ಲ.

ಜೂನ್ 24, ಸೋಮವಾರ. ಬೆಳಗ್ಗೆ ಲ್ಯಾಪ್‌ಟಾಪ್ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಟಿ20 ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಬಾರಿಸಿದ 92 ನೋಡಿದೆ. ಸಂಜೆ ಆರಕ್ಕೆ ಏಳನೇ ಪಂದ್ಯ. ನೋಡಿದ್ದು ಪಕ್ಕದ ಡೆಸ್ಕಿನವನ ಮನೆಯಲ್ಲಿ. ಆಗ ಅವನಿಗೆ ಡೆಸ್ಕ್ ಇರಲಿಲ್ಲ ಅನ್ನಿ. ಮೇ ತಿಂಗಳಲ್ಲಿ ನಮ್ಮ ಪ್ರಾಜೆಕ್ಟ್ ಮುಚ್ಚಿ, ಒಂಬತ್ತು ಜನರ ಟೀಮಿನಲ್ಲಿ ಆರು ಜನರನ್ನು ಹದಿನೈದು ನಿಮಿಷದ ಕಾಲ್‌ನಲ್ಲಿ ಮನೆಗೆ ಕಳಿಸಿದ್ದರು. ಅವನು ಆ ಆರರಲ್ಲಿ ಒಬ್ಬ. ನಾನು ಉಳಿದ ಮೂವರಲ್ಲಿ. ಅಷ್ಟೇ ಅಲ್ಲ, ಆ ತ್ರೈಮಾಸಿಕದ 'ಸ್ಟಾರ್ ಪರ್ಫಾರ್ಮರ್' ಕೂಡ ನಾನೇ ಅಂತ ಹಿಂದಿನ ಶುಕ್ರವಾರ ಮೇಲ್ ಬಂದಿತ್ತು. ಅದನ್ನು ಅವನಿಗೆ ಹೇಳಿರಲಿಲ್ಲ.

ಪಂದ್ಯದ ಬಗ್ಗೆ ಹೆಚ್ಚು ಹೇಳೋಕಿಲ್ಲ. ಫ್ಲೋರಿಡಾದ ವರ್ಹೇಗಿ ಮೊದಲ ಗೋಲು, ಎರಡೇ ನಿಮಿಷದಲ್ಲಿ ಯಾನ್‌ಮಾರ್ಕ್ ಸಮ ಮಾಡಿದ, ಎರಡನೇ ಪೀರಿಯಡ್‌ನಲ್ಲಿ ರೈನ್‌ಹಾರ್ಟ್. 2–1. ಕೊನೆಯ ಇಪ್ಪತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ, ನಮ್ಮ ರೂಮಿನಲ್ಲಿ ಯಾರೂ ಸರಿಯಾಗಿ ಕೂರಲಿಲ್ಲ. ಮುಗಿದಾಗ ಹೊರಗೆ ಇನ್ನೂ ಹಗಲು. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಸೂರ್ಯ ಇರ್ತಾನೆ. ಸೋತ ದಿನ ಬೇಗ ಕತ್ತಲಾದರೂ ಆಗಬಾರದಾ ಅನ್ನಿಸಿತು.

ಇನ್ನೇನು ಟಿವಿ ಆರಿಸಬೇಕು, ಆಗ ಸರಣಿ ಶ್ರೇಷ್ಠನ ಹೆಸರು ಕೂಗಿದರು. ಕಾನ್ ಸ್ಮೈತ್ ಟ್ರೋಫಿ, ಇಡೀ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ. ಸಿಕ್ಕಿದ್ದು ಸೋತ ತಂಡದ ಕ್ಯಾಪ್ಟನ್ ಕಾನರ್ ಮೆಕ್‌ಡೇವಿಡ್‌ಗೆ. 25 ಪಂದ್ಯಗಳಲ್ಲಿ 42 ಪಾಯಿಂಟ್, ಅದರಲ್ಲಿ 34 ಅಸಿಸ್ಟ್, ಗ್ರೆಟ್ಸ್ಕಿಯ ದಾಖಲೆಯನ್ನೇ ಮುರಿದಿದ್ದ. ಸೋತ ತಂಡದ ಗೋಲಿಗಳಿಗೆ ಈ ಟ್ರೋಫಿ ನಾಲ್ಕು ಸಲ ಸಿಕ್ಕಿದ್ದುಂಟು. ಗೋಲಿಯಲ್ಲದ ಆಟಗಾರನಿಗೆ ಸಿಕ್ಕಿದ್ದು 1976ರ ನಂತರ ಇದೇ ಮೊದಲು. ಹೆಸರು ಕೂಗಿದರು. ಮೆಕ್‌ಡೇವಿಡ್ ಬರಲಿಲ್ಲ. ಹೊಡೆದಾಡಿದವರೆಲ್ಲ ಸಾಲಾಗಿ ನಿಂತು ಎದುರಾಳಿಗಳ ಕೈ ಕುಲುಕುವ ಪದ್ಧತಿ ಮುಗಿಸಿಯೇ ಒಳಗೆ ಹೋಗಿದ್ದ. ಟ್ರೋಫಿ ಮೇಜಿನ ಮೇಲೇ ಉಳಿಯಿತು.

ಬೆಂಗಳೂರಿನ ಗೆಳೆಯರ ಗ್ರೂಪಿನಲ್ಲಿ ಕ್ಲಿಪ್ ಹಾಕಿದೆ. 'ಏನ್ ಗುರೂ ಇಷ್ಟು ಧಿಮಾಕು? ಅಹಮದಾಬಾದ್‌ನಲ್ಲಿ ಕೊಹ್ಲಿ ಬಂದು ತಗೊಳ್ಳಲಿಲ್ವಾ?' ಅಂದ ಒಬ್ಬ. ನಿಜ. 2023ರ ನವೆಂಬರ್ 19, 765 ರನ್ ಹೊಡೆದವನು ಬಂದು, ಇಸ್ಕೊಂಡು ಹೋದ. ಆ ಮುಖ ನೋಡೋಕಾಗಲಿಲ್ಲ. ಬಂದದ್ದೂ ಸರಿ, ಬಾರದ್ದೂ ಸರಿ ಅಂತ ನನ್ನ ಲೆಕ್ಕ. ಆದರೆ ಪಕ್ಕದ ಡೆಸ್ಕಿನವನು ಟಿವಿ ನೋಡುತ್ತಾ ಒಂದು ಮಾತು ಹೇಳಿದ: 'ಬಂದು ಯಾರ ಜೊತೆ ಫೋಟೋ ತೆಗೆಸ್ಕೋಬೇಕಿತ್ತು?'

ಆಗ ಹೇಳಿದೆ, ಮೇಲ್ ವಿಷಯ. ಅವನು ಬಿಯರ್ ಕೆಳಗಿಟ್ಟು, 'ಗಿಫ್ಟ್ ಕಾರ್ಡ್ ಎಷ್ಟರದ್ದು?' ಅಂತ ಕೇಳಿದ. ಇನ್ನೂರು ಡಾಲರ್ ಅಂದೆ. 'ಹಾಗಾದ್ರೆ ಪಿಜ್ಜಾ ನಿಂದು.'

ಗುರುವಾರ ಟೌನ್‌ಹಾಲ್ ಇತ್ತು. ನಾನು ಮೆಕ್‌ಡೇವಿಡ್ ಅಲ್ಲ, ನನ್ನ ವರ್ಕ್ ಪರ್ಮಿಟ್ ಮೇಲೆ ಆ ಕಂಪನಿಯ ಹೆಸರಿದೆ. ಅದು ಹೋದರೆ ನನಗೂ, ಈಗಷ್ಟೇ ಇಲ್ಲಿಗೆ ಬಂದ ಹೆಂಡತಿಗೂ ಊರ ದಾರಿ. ಕ್ಯಾಮೆರಾ ಆನ್ ಮಾಡಿದೆ, ಶರ್ಟ್ ಹಾಕಿಕೊಂಡಿದ್ದೆ, ನಕ್ಕೆ ಕೂಡ. ಎರಡು ಮಾತು ಹೇಳಿ ಅಂದರು. ಥ್ಯಾಂಕ್ಸ್ ಹೇಳಿ, ಈ ಕೆಲಸ ನಾನೊಬ್ಬನೇ ಮಾಡಿದ್ದಲ್ಲ ಅಂತ ಆರು ಹೆಸರು ಓದಿದೆ, ಒಂದೊಂದಾಗಿ, ನಿಧಾನಕ್ಕೆ. ಕಾಲ್‌ನಲ್ಲಿ ಎರಡು ಸೆಕೆಂಡ್ ಮೌನ. ಚಪ್ಪಾಳೆ ಇಮೋಜಿಗಳು ಒಂದೆರಡು ಹಾರಿದವು. ಆಮೇಲೆ ಮುಂದಿನ ಸ್ಲೈಡ್.

ಮರುವರ್ಷವೂ ಫೈನಲ್‌ಗೆ ಬಂದವು ಇವೇ ಎರಡು ತಂಡ. ಈ ಸಲ ಫ್ಲೋರಿಡಾ ಆರೇ ಪಂದ್ಯದಲ್ಲಿ ಮುಗಿಸಿತು. ಅಷ್ಟರಲ್ಲಿ ಪಕ್ಕದ ಡೆಸ್ಕಿನವನಿಗೆ ಕೆಲಸ ಸಿಕ್ಕಿತ್ತು, ಮುನ್ನೂರು ಕಿಲೋಮೀಟರ್ ದೂರದ ಕ್ಯಾಲ್ಗರಿಯಲ್ಲಿ. ಎಡ್ಮಂಟನ್‌ನವರಿಗೆ ಕ್ಯಾಲ್ಗರಿ ತಂಡ ಅಂದ್ರೆ ನಮಗೆ ಚೆನ್ನೈ ಇದ್ದ ಹಾಗೆ. ಫೋನ್ ಮಾಡಿದಾಗ ಅವನ ದೂರು ಕೆಲಸದ ಬಗ್ಗೆ ಅಲ್ಲ. ಸೋತ ಮರುದಿನ ಬೆಳಗ್ಗೆ ಹೊಸ ಆಫೀಸಿನವರೆಲ್ಲ ಸೇರಿ ಅವನ ಕುರ್ಚಿಗೆ ಪ್ಯಾಂಥರ್ಸ್ ಜೆರ್ಸಿ ತೊಡಿಸಿಟ್ಟಿದ್ದರಂತೆ.