ಗುಡೇಕೋಟೆಯ ದಾರಿಯಲ್ಲಿ ಮಗ್ಗದಿಂದ ಬಂದ ಬಂಡಿ

ಕೂಡ್ಲಿಗಿಯಿಂದ ಗುಡೇಕೋಟೆಗೆ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಬಂಡೆಗಳು ನಮ್ಮ ಜೊತೆಗೂಡುತ್ತವೆ. ದೈತ್ಯರ ಮಕ್ಕಳು ಕಲ್ಲಾಟ ಆಡುತ್ತ ಅರ್ಧಕ್ಕೇ ಬಿಟ್ಟು ಊಟಕ್ಕೆ ಎದ್ದು ಹೋದರೇನೋ ಎಂಬಂತೆ ಒಂದರ ಮೇಲೊಂದು ಕುಳಿತ ಗುಂಡುಗಲ್ಲುಗಳು. ನಡುನಡುವೆ ಶೇಂಗಾ, ಜೋಳದ ಹೊಲಗಳು. ರಸ್ತೆಗೆ ಬಾಗಿದ ಹುಣಿಸೆ ಮರಗಳು. ಊರಿನಲ್ಲಿ ಪಾಳೆಯಗಾರರ ಕೋಟೆ ಇದೆ. ಸುತ್ತಲಿನ ಗುಡ್ಡಗಾಡು ಈಗ ಕರಡಿಧಾಮ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಊರು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಕೂಡ್ಲಿಗಿ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ.

ಆದರೆ ನಾನು ಹೇಳಹೊರಟಿರುವುದು ಕೋಟೆಯ ಕಥೆಯನ್ನಲ್ಲ, ನಾವು ಅಲ್ಲಿಗೆ ಹೋದ ಬಂಡಿಯ ಕಥೆಯನ್ನು.

ಅದು 2003ರ ಕ್ವಾಲಿಸ್. ಕೂಡ್ಲಿಗಿಯ ನನ್ನ ಸ್ನೇಹಿತರ ಮನೆಯದು. ಕೊಂಡ ದಿನದಿಂದ ಅದನ್ನು ಓಡಿಸುತ್ತಿರುವವರು ಗುಡೇಕೋಟೆಯವರೇ ಆದ ಒಬ್ಬ ಚಾಲಕರು. ಬಣ್ಣ ಮಾಸಿದೆ, ಸೀಟುಗಳಿಗೆ ಎರಡು ಸಲ ಹೊಸ ಹೊದಿಕೆ ಬಂದಿದೆ, ಐದು ಲಕ್ಷ ಕಿಲೋಮೀಟರ್ ಓಡಿದೆ. ಕೊಟ್ಟೂರಿನ ತೇರು, ಮೈಲಾರದ ಕಾರಣಿಕ, ಉಜ್ಜಿನಿಯ ಜಾತ್ರೆ, ಮನೆಯ ನಾಲ್ಕು ಮದುವೆ, ಎರಡು ಹೆರಿಗೆ ಎಲ್ಲಕ್ಕೂ ಇದೇ ಗಾಡಿ. ನೋಂದಣಿಯ ಹದಿನೈದು ವರ್ಷ ಮುಗಿದ ಮೇಲೂ ಯಜಮಾನರು ಮಾರಲಿಲ್ಲ. ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಿಕೊಂಡರು.

ಆ ಭಾನುವಾರ ಚಾಲಕರ ಮಗನೂ ಜೊತೆಗಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ತಂದೆಗೆ ಅವನು ಪಿಯುಸಿ ಸೈನ್ಸ್ ಓದಬೇಕೆಂಬ ಆಸೆ. ಹುಡುಗನಿಗೆ ಗಾಡಿಯ ಬಾನೆಟ್ ಕೆಳಗೆ ತಲೆ ಹಾಕುವ ಆಸೆ. "ನಾ ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದದ್ದು ಸಾಲದಾ ಸಾರ್? ಇವನೂ ಗ್ರೀಸ್ ಕೈಯಾಗೇ ಉಣ್ಣಬೇಕಾ?" ಎಂದು ತಂದೆ ನನ್ನನ್ನು ಕೇಳಿದರು. ಹುಡುಗ ಕಿಟಕಿಯತ್ತ ಮುಖ ತಿರುಗಿಸಿದ. ಅಪ್ಪ ಮಗ ಮೂರು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲವಂತೆ.

ಗುಡೇಕೋಟೆಯ ಚಹಾದಂಗಡಿಯ ಮುಂದೆ ಗಾಡಿ ನಿಂತಾಗ ಮಾತು ತಾನಾಗಿಯೇ ಗಾಡಿಗಳ ಕಡೆಗೆ ಹೊರಳಿತು. ಮುಂಡಾಸಿನ ಹಿರಿಯರೊಬ್ಬರು ಕ್ವಾಲಿಸ್‌ನ ಬಾಗಿಲನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ, "ನೋಡಾಕ ಬ್ರೆಡ್ಡಿನ ಡಬ್ಬಿ ಇದ್ದಂಗೈತೆ. ಆದ್ರ ಕೈ ಕೊಡದಂಥ ಗಾಡಿ" ಎಂದರು. ಇನ್ನೊಬ್ಬರದು ಇನ್ನೋವಾ. "ಹತ್ತು ವರ್ಷ ಓಡಿಸಿ ಮಾರಿದ್ರೂ ಒಳ್ಳೆ ರೇಟು ಬರ್ತೈತೆ. ಆದ್ರ ಹೊಸದು ತಗೊಳ್ಳಾಕ ಹೊಲ ಮಾರಬೇಕು" ಎಂದು ಅವರು ನಕ್ಕರು. ಸುಳ್ಳಲ್ಲ, ಇವತ್ತು ಇನ್ನೋವಾ ರಸ್ತೆಗಿಳಿಯುವಷ್ಟರಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಅಲ್ಲಿದ್ದ ಯುವ ಶಿಕ್ಷಕರೊಬ್ಬರು ಗ್ಲಾಂಜಾ ಇಟ್ಟುಕೊಂಡವರು. "ನನ್ನದರ ಮೇಲೆ ಹೆಸರು ಟೊಯೊಟಾ, ಒಳಗೆ ಮಾರುತಿ" ಎಂದು ತಮ್ಮನ್ನೇ ಗೇಲಿ ಮಾಡಿಕೊಂಡರು. ಅದೂ ನಿಜವೇ. ಸುಜುಕಿಯೊಂದಿಗಿನ ಒಪ್ಪಂದದ ಫಲವಾಗಿ ಬಲೆನೊ ಕಾರೇ 2019ರಲ್ಲಿ ಗ್ಲಾಂಜಾ ಎಂಬ ಹೆಸರು ಹೊತ್ತು ಬಂತು.

ಟೊಯೊಟಾ ನಮ್ಮ ದೇಶಕ್ಕೆ ಬಂದದ್ದು ಎರಡು ಸಲ. 1980ರ ದಶಕದಲ್ಲಿ ಡಿಸಿಎಂ ಸಂಸ್ಥೆಯೊಂದಿಗೆ ಸೇರಿ ಸಣ್ಣ ಲಾರಿಗಳನ್ನು ತಯಾರಿಸಿತು. ಆ ನಂಟು ಬಹುಕಾಲ ಉಳಿಯಲಿಲ್ಲ. 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಂದಿಗೆ ಕೂಡಿ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಕಾರ್ಖಾನೆ ಹೂಡಿತು. 1999ರ ಕೊನೆಗೆ ಉತ್ಪಾದನೆ ಆರಂಭವಾಗಿ 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಅದು ಇಂಡೋನೇಷ್ಯಾದ ಕಿಜಾಂಗ್ ಎಂಬ ಗಾಡಿಯ ನಮ್ಮ ರೂಪ. ಆ ಹೊತ್ತಿಗೇ ಹಳೆಯದಾಗಿದ್ದ ಆಕಾರ, ಹಳೆಯ ನಮೂನೆಯ 2.4 ಲೀಟರಿನ ಡೀಸೆಲ್ ಎಂಜಿನ್. ಪತ್ರಿಕೆಗಳವರು ಮೂಗು ಮುರಿದರು; ಕೊಂಡವರು ಮುರಿಯಲಿಲ್ಲ. ಒಳ್ಳೆಯ ಮಾರಾಟವಿದ್ದಾಗಲೇ 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು.

ಇನ್ನೋವಾ ಬಂದ ಕಾಲ ನಮ್ಮ ಸೀಮೆಯಲ್ಲಿ ಗಣಿಧೂಳಿನ ಕಾಲ. ಹೊಸಪೇಟೆ, ಸಂಡೂರುಗಳ ಕಡೆ ಬೆಳಗಾಗುವುದರೊಳಗೆ ದುಡ್ಡು ಕಂಡವರು ಬೆಳ್ಳನೆಯ ಇನ್ನೋವಾಗಳನ್ನು ಮನೆ ಮುಂದೆ ನಿಲ್ಲಿಸಿದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ಸಾಲುಸಾಲಾಗಿ ತುಕ್ಕು ಹಿಡಿಯುತ್ತ ನಿಂತವು. "ಆಗ ಎಷ್ಟೋ ಇನ್ನೋವಾ ಕೈ ಬದಲಾದ್ವು ಸಾರ್. ದುಡ್ಡು ಹೋತು, ಗಾಡಿ ಉಳೀತು" ಎಂದರು ನಮ್ಮ ಚಾಲಕರು.

ಹೀಗೆ ಉಳಿಯುವ ಗುಣ ಎಲ್ಲಿಂದ ಬಂತು ಎಂದು ಹುಡುಗ ಕೇಳಿದ. ಅವತ್ತು ಅವನು ಆಡಿದ ಮೊದಲ ಮಾತು ಅದು. "ಮಗ್ಗದಿಂದ" ಎಂದೆ. ಅಪ್ಪ ಮಗ ಇಬ್ಬರೂ ನನ್ನ ಮುಖ ನೋಡಿದರು. ಹುಡುಗನ ತಾಯಿಯ ತವರು ಮೊಳಕಾಲ್ಮುರು. ಅಜ್ಜ ರೇಷ್ಮೆ ಸೀರೆ ನೇಯುವವರು. ಜಿಲ್ಲೆಯ ಗಡಿ ದಾಟಿದರೆ ಆ ಊರು. ಹೇಗೂ ಅಲ್ಲಿಗೆ ಹೋಗಿ ಬರಬೇಕಿತ್ತು, ಹೊರಟೆವು.

ಅಜ್ಜನ ಮನೆಯ ನಡುವೆ ಕುಣಿಮಗ್ಗ. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಅವರು ಲಾಳಿ ಓಡಿಸುತ್ತಿದ್ದರು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಮಾನ್ಯತೆಯ ಕಾಗದ ಮಗ್ಗದ ಎಳೆಯನ್ನು ಕಾಯುವುದಿಲ್ಲ. ನೇಕಾರನ ಕಣ್ಣೇ ಕಾಯಬೇಕು. ನಾವು ನೋಡುತ್ತಿದ್ದಂತೆಯೇ ಹಾಸಿನ ಒಂದು ಎಳೆ ಕಡಿಯಿತು. ಅಜ್ಜನ ಕೈ ತಟ್ಟನೆ ನಿಂತಿತು. ಎಳೆಯನ್ನು ಹುಡುಕಿ, ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿ, ಮತ್ತೆ ಲಾಳಿ ಓಡಿಸಿದರು. "ನಿಲ್ಲಿಸದೇ ಹೋಗಿದ್ರೆ?" ಎಂದೆ. "ಸೀರೆ ತುಂಬ ಗೀರು ಬೀಳ್ತದೆ. ಆಮೇಲೆ ಅತ್ತರೆ ಬಂತಾ?" ಎಂದರು.

ಟೊಯೊಟಾದ ಕಥೆ ಆರಂಭವಾಗುವುದೇ ಇಲ್ಲಿ. 1867ರಲ್ಲಿ ಜಪಾನಿನ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಸಾಕಿಚಿ ಟೊಯೊಡಾ, ತಾಯಿ ಮಗ್ಗದ ಮುಂದೆ ದಣಿಯುವುದನ್ನು ನೋಡುತ್ತ ಬೆಳೆದವನು. ಆ ದಣಿವು ಕಡಿಮೆ ಮಾಡಬೇಕೆಂದು ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗ ಮಾಡಿ 1891ರಲ್ಲಿ ಪೇಟೆಂಟ್ ಪಡೆದ. ಮುಂದೆ ಯಂತ್ರಮಗ್ಗಕ್ಕೆ ಕೈ ಹಾಕಿದ. 1924ರಲ್ಲಿ ಪೂರ್ಣಗೊಂಡ ಅವನ ಸ್ವಯಂಚಾಲಿತ ಮಗ್ಗ, ಓಟ ನಿಲ್ಲಿಸದೆಯೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಎಳೆ ಕಡಿದರೆ ಮಾತ್ರ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ನೇಯಲು ಒಪ್ಪದ ಯಂತ್ರ ಅದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಹೆಸರಾಂತ ಕಂಪನಿ ಅದರ ಹಕ್ಕಿಗಾಗಿ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಸಾಕಿಚಿ ತೀರಿಕೊಂಡ. ಮಗ ಕಿಇಚಿರೊ ಮಗ್ಗದ ಕಾರ್ಖಾನೆಯಲ್ಲೇ 1933ರಲ್ಲಿ ಮೋಟಾರು ವಿಭಾಗ ತೆರೆದ. 1937ರಲ್ಲಿ ಅದು ಬೇರೆ ಕಂಪನಿಯಾಯಿತು. ಟೊಯೊಡಾ ಎಂದರೆ ಸಮೃದ್ಧವಾದ ಗದ್ದೆ. ಜಪಾನಿ ಲಿಪಿಯಲ್ಲಿ ಎಂಟು ಗೆರೆಗಳಲ್ಲಿ ಬರೆಯಲು ಬರುತ್ತದೆ, ಎಂಟು ಶುಭ ಎಂದು ಹೆಸರನ್ನು ಟೊಯೊಟಾ ಮಾಡಿಕೊಂಡರು. ಲೆಕ್ಕ, ಶಾಸ್ತ್ರ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ!

ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು, "ಅವನ ಒಂದು ಮಗ್ಗ ನೋಡಾಕ ಎಷ್ಟು ಜನ ಬೇಕು?" ಎಂದರು. ಒಬ್ಬನೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು ಎಂದೆ. "ಹಂಗಾದ್ರೆ ಉಳಿದ ನೇಕಾರ್ರು ಎಲ್ಲಿಗೆ ಹೋದ್ರು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ತಾಯಿಯ ದಣಿವು ನೀಗಿಸಲು ಹುಟ್ಟಿದ ಯಂತ್ರವೇ ಎಷ್ಟೋ ಮನೆಗಳ ಮಗ್ಗವನ್ನು ನಿಲ್ಲಿಸಿತೆಂಬುದೂ ಇದೇ ಕಥೆಯ ಇನ್ನೊಂದು ಅಂಚು. ಆ ಅಂಚಿಲ್ಲದೆ ಸೀರೆಯಿಲ್ಲ.

ಕಾರು ಮಾಡುವುದೂ ಸುಲಭದ ದಾರಿಯಾಗಿರಲಿಲ್ಲ. ಯುದ್ಧಾನಂತರ ಕಂಪನಿ ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರು ಹೊರಹೋಗಬೇಕಾಯಿತು. ಹೊಣೆ ಹೊತ್ತು ಕಿಇಚಿರೊ ರಾಜೀನಾಮೆ ಕೊಟ್ಟ. ಆ ಬಡತನದಲ್ಲಿ ತೈಇಚಿ ಓನೊ ಎಂಬ ಎಂಜಿನಿಯರು ಮಗ್ಗದ ಪಾಠವನ್ನೇ ಕಾರಿನ ಸಾಲಿಗೆ ತಂದ. ತಪ್ಪು ಕಂಡ ಕೆಲಸಗಾರ ಯಾರೇ ಆಗಿರಲಿ, ಹಗ್ಗ ಜಗ್ಗಿ ಇಡೀ ಸಾಲನ್ನು ನಿಲ್ಲಿಸಬಹುದು. ನಿಂತ ಮೇಲೆ "ಏಕೆ?" ಎಂದು ಐದು ಸಲ ಕೇಳಬೇಕು. ಯಂತ್ರ ನಿಂತಿತು, ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಪಂಪು ಎಣ್ಣೆ ಎತ್ತಲಿಲ್ಲ. ಏಕೆ? ಅದರ ದಂಡ ಸವೆದಿತ್ತು. ಏಕೆ? ಶೋಧಕ ಇಲ್ಲದೆ ಲೋಹದ ಪುಡಿ ಒಳಗೆ ಹೋಗಿತ್ತು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸ್ ಬದಲಿಸಿ ಮನೆಗೆ ಹೋಗುತ್ತಾನೆ. ಯಂತ್ರ ನಾಳೆ ಮತ್ತೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗುವಿನ ಮುಂದೆ ಕುಳಿತ ತಂದೆತಾಯಿಯರಿಗೂ ಈ ಪಾಠ ಸಲ್ಲುತ್ತದೆ.

ಪಾಠ ಕಲಿಸಿದವರೇ ಅದನ್ನು ಮರೆಯುವುದೂ ಉಂಟು. ವೇಗದ ಪೆಡಲ್ ಸಿಕ್ಕಿಕೊಳ್ಳುವ ದೋಷ ಮತ್ತಿತರ ಕಾರಣಗಳಿಗಾಗಿ 2009–10ರಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಸಾಕಿಚಿಯ ಮರಿಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಸತ್ಯ ಮರೆಮಾಚಿದ್ದಕ್ಕಾಗಿ 2014ರಲ್ಲಿ ಅಲ್ಲಿ 120 ಕೋಟಿ ಡಾಲರ್ ದಂಡ ತೆತ್ತಿತು. ಅದರ ಅಂಗಸಂಸ್ಥೆ ಡೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ಎಸಗಿದ್ದು 2023ರಲ್ಲಿ ಬಯಲಾಯಿತು. ಬಿಡದಿಯಲ್ಲಿಯೂ 2014ರಲ್ಲಿ, ಮತ್ತೆ 2020ರ ಕೊನೆಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಜಟಾಪಟಿಯಾಗಿ ಬೀಗಮುದ್ರೆ ಬಿದ್ದಿತ್ತು. ಎಳೆ ಕಡಿದದ್ದು ಕಂಡೂ ಲಾಳಿ ಓಡಿಸಿದರೆ ಎಷ್ಟು ದೊಡ್ಡ ಹೆಸರಿದ್ದರೂ ಬಟ್ಟೆಯಲ್ಲಿ ಗೀರು ಬಿದ್ದೇ ಬೀಳುತ್ತದೆ.

ಬಿಡದಿಯ ಹೆಸರು ಬಂದಾಗ ಹುಡುಗ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಶಾಲೆಯ ಗುರುಗಳು ಬರೆದುಕೊಟ್ಟಿದ್ದಂತೆ. ಅಲ್ಲಿ 2007ರಲ್ಲಿ ಕಂಪನಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆಯ ವಿಷಯ. ಹತ್ತನೆಯ ತರಗತಿ ಮುಗಿಸಿದ, ಹೆಚ್ಚು ಅನುಕೂಲವಿಲ್ಲದ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಮೂರು ವರ್ಷಗಳ ವಸತಿ ಸಹಿತ ತರಬೇತಿ. ಗಾಡಿ ಜೋಡಣೆ, ಬೆಸುಗೆ, ಬಣ್ಣ, ಮೆಕಾಟ್ರಾನಿಕ್ಸ್ ಇಲ್ಲಿನ ವಿಭಾಗಗಳು. ಮೊದಲು ಹುಡುಗರಿಗೆ ಮಾತ್ರವಿದ್ದ ಬಾಗಿಲು ಈಚೆಗೆ ಹುಡುಗಿಯರಿಗೂ ತೆರೆದಿದೆ. ಆಯ್ಕೆ ಪರೀಕ್ಷೆಯಲ್ಲಿ ಗೆಲ್ಲಬೇಕು. ಗಣಿತ, ವಿಜ್ಞಾನ ಬಲ್ಲವರಿಗೇ ಮುಂದೆ ದಾರಿ. ಹಾಗಾಗಿ ಇದು ಓದಿಗೆ ಬೆನ್ನು ತಿರುಗಿಸುವ ದಾರಿಯಲ್ಲ. ಓದನ್ನು ಕೈಗೆ ಇಳಿಸಿಕೊಳ್ಳುವ ದಾರಿ.

ತಂದೆ ಕಾಗದವನ್ನು ಎರಡು ಸಲ ಓದಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟರು.

ಮರಳುವಾಗ ಗುಡೇಕೋಟೆ ಇನ್ನೂ ಸ್ವಲ್ಪ ದೂರವಿತ್ತು. ಹೊತ್ತು ಇಳಿದು ಬಂಡೆಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಮುಂದಿನ ಚಕ್ರದ ಕಡೆಯಿಂದ 'ಕರ್ರ್' ಎಂದು ಕೀರಲು ಸದ್ದು ಶುರುವಾಯಿತು. ಊರು ಹತ್ತಿರವೇ ಇದೆ, ಹೋಗಿಬಿಡೋಣ ಎಂದೆ. ಚಾಲಕರು ಗಾಡಿ ನಿಲ್ಲಿಸಿದರು. ಮಗನ ಕಡೆ ತಿರುಗಿ, "ಇಳಿ. ನೋಡಿ ಹೇಳು" ಎಂದರು.

ಹುಡುಗ ಇಳಿದು ಅಪ್ಪನಿಗೆ ಗಾಡಿಯನ್ನು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಮಾಡಿಸಿದ. ಬ್ರೇಕ್ ಒತ್ತದಿದ್ದರೂ ಸದ್ದು ಬರುತ್ತಿದೆ, ಚಕ್ರ ಬಿಚ್ಚಿಯೇ ನೋಡಬೇಕು ಎಂದ. ಜಾಕ್ ಏರಿಸಿ, ಚಕ್ರ ಬಿಚ್ಚಿ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಕಡಲೆ ಗಾತ್ರದ ಹರಳುಕಲ್ಲೊಂದನ್ನು ಸ್ಕ್ರೂಡ್ರೈವರ್‌ನಿಂದ ಕೆಡವಿದ. ಗುಡೇಕೋಟೆಯ ರಸ್ತೆಯದೇ ಕಲ್ಲು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಹೊಲದತ್ತ ಎಸೆದರು.

ಗಾಡಿ ಮತ್ತೆ ಹೊರಟಿತು. ಸದ್ದಿರಲಿಲ್ಲ. ಕೋಟೆಯ ಗುಡ್ಡ ಕಾಣುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಚಾಲಕರು ರಸ್ತೆಯ ಮೇಲಿನ ಕಣ್ಣು ತೆಗೆಯದೆಯೇ ಕೇಳಿದರು:

"ಅಲ್ಲಲೇ, ಆ ಬಿಡದಿಯಾಗ ಜೋಳದ ರೊಟ್ಟಿ ಸಿಗ್ತಾವಾ?"