ನಂಬರಿನ ನೀಲಿ, ನಂಬರಿಲ್ಲದ ಕೆಂಪು

ಮೈಸೂರು ರೇಷ್ಮೆ ಸೀರೆಗೆ ಒಂದು ನಂಬರು ಇರುತ್ತದೆ, ನಿಮಗೂ ಗೊತ್ತಿರಬಹುದು. ಕೆ.ಎಸ್.ಐ.ಸಿ. ಅಂಗಡಿಯಲ್ಲಿ ಕೊಂಡ ಅಸಲಿ ಸೀರೆಯ ಮೇಲೆ ಒಂದು ಸಂಕೇತ ಸಂಖ್ಯೆಯನ್ನು ಕಸೂತಿಯಲ್ಲೇ ಹಾಕಿರುತ್ತಾರೆ. ಒಂದರ ನಂಬರು ಇನ್ನೊಂದಕ್ಕಿಲ್ಲ. 2008ರಲ್ಲಿ ಮಗಳ ಮದುವೆಗೆ ನಾನು ಉಟ್ಟ ನೇರಳೆ ಸೀರೆ ಅಂಥದ್ದು. ಉಟ್ಟದ್ದು ಅದೊಂದೇ ಸಲ. ಆಮೇಲೆ ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಗೆ ಸೇರಿಸಿದೆ. ಆರು ವರ್ಷಕ್ಕೆ ಮದುವೆ ಮುರಿಯಿತು. ಸೀರೆಯ ಮಡಿಕೆ ಮಾತ್ರ ಕೆಡಲಿಲ್ಲ.

2019ರ ಬೇಸಿಗೆಯಲ್ಲಿ ಮಗಳ ಮನೆಗೆ, ಅಮೆರಿಕದ ಸ್ಯಾನ್ ಹೊಸೆಗೆ ಹೊರಟಾಗ, ಏನು ತೋಚಿತೋ, ಸಾರಿನಪುಡಿ ಚಟ್ನಿಪುಡಿಗಳ ಜೊತೆಗೆ ಆ ಸೀರೆಯನ್ನೂ ಸೂಟ್‌ಕೇಸಿಗೆ ತುರುಕಿದೆ. ಹೋದ ಎರಡನೇ ದಿನವೇ ಅವಳು ಕಾಫಿ ಕೈಗಿಟ್ಟು ಹೇಳಿದಳು: "ಅಮ್ಮಾ, ಇನ್ನೊಂದು ಕಾರು ತಗೋತಿದೀನಿ. ಹಳೇದು. ಎರಡೇ ಸೀಟು."

ಎರಡೇ ಸೀಟು! ಒಂದು ಅವಳಿಗೆ. ಇನ್ನೊಂದು? ನಲವತ್ತರ ಹತ್ತಿರ ಬಂದ ಮಗಳು ಎರಡೇ ಸೀಟಿನ ಕಾರು ಕೊಳ್ಳುತ್ತಾಳೆಂದರೆ ಇನ್ನು ತೊಟ್ಟಿಲಿನ ಮಾತು ಎತ್ತಬೇಡ ಅಂತ ತಾಯಿಗೆ ಹೇಳಿದ ಹಾಗೇ ಅಲ್ಲವೇ, ನೀವೇ ಹೇಳಿ. ನಾನು ಕೇಳಿದ್ದು ಮಾತ್ರ ಬೇರೆ. "ತರಕಾರಿ ಚೀಲ ಎಲ್ಲಿಡ್ತೀಯೇ?"

ಕಾರಿನ ಹೆಸರು ಮಿಯಾಟಾ. ಜಪಾನಿನ ಮಾಜ್ದಾ ಕಂಪನಿಯದು. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಷೋದಲ್ಲಿ ಮೊದಲು ತೋರಿಸಿದರಂತೆ. ಮೇಲಿನ ಬಟ್ಟೆಯ ಚಾವಣಿಯನ್ನು ಕೈಯಲ್ಲೇ ಹಿಂದಕ್ಕೆ ಮಡಚಬಹುದು. ಇದರ ದೊಡ್ಡಸ್ತಿಕೆಯೆಲ್ಲ ಹಗುರದಲ್ಲಿದೆ ಎಂದಳು ಮಗಳು. ಕುದುರೆಯೂ ಸವಾರನೂ ಒಂದೇ ಆಗುವುದಕ್ಕೆ ಜಪಾನೀಯರು 'ಜಿಂಬಾ ಇತ್ತಾಯ್' ಅನ್ನುತ್ತಾರಂತೆ. ಕಾರು ಹಾಗಿರಬೇಕೆಂದು ಮಾಡಿದ್ದಂತೆ. "ಎಷ್ಟು ಹಗುರ?" ಎಂದೆ. "1999ರದ್ದು ಒಂದು ಸಾವಿರ ಕಿಲೋಗಿಂತ ಸ್ವಲ್ಪ ಜಾಸ್ತಿ." ನನಗೆ ನಗು ಬಂತು. ನಮ್ಮ ಮಾರುತಿ 800 ಅದಕ್ಕಿಂತ ಎಷ್ಟೋ ಹಗುರವಾಗಿತ್ತು. ಅದರಲ್ಲಿ ನಾವು ಆರು ಜನ, ಜೊತೆಗೆ ಹಲಸಿನ ಹಣ್ಣು, ಶೃಂಗೇರಿಗೆ ಹೋಗಿಬಂದಿದ್ದೇವೆ. ಅದನ್ನು ಯಾರೂ ಸ್ಪೋರ್ಟ್ಸ್ ಕಾರು ಅನ್ನಲಿಲ್ಲ.

ಅವಳು ಆರಿಸಿಟ್ಟಿದ್ದು ಎರಡು. ಎರಡೂ 1999ರವು. ಒಂದು ಮಾಮೂಲಿ. ಇನ್ನೊಂದು ಆ ಕಾರಿಗೆ ಹತ್ತು ವರ್ಷ ತುಂಬಿದ ನೆನಪಿಗೆ ಕಂಪನಿ ಮಾಡಿದ ವಿಶೇಷ ಆವೃತ್ತಿ. ಇಡೀ ಪ್ರಪಂಚಕ್ಕೆ 7,500 ಮಾತ್ರ, ಪ್ರತಿಯೊಂದಕ್ಕೂ ನಂಬರು. ನಂಬರು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ನೀಲಿಯನ್ನು ನೋಡಲು ಸಾಂಟಾ ಕ್ರೂಜ್ ಕಡೆಗೆ ಹೋದೆವು. ಒಬ್ಬ ವೃದ್ಧೆ ಗ್ಯಾರೇಜಿನ ಬಾಗಿಲು ತೆಗೆದು ಹೊದಿಕೆ ಸರಿಸಿದರು. ಅಯ್ಯೋ, ಎಂಥ ನೀಲಿ ಅಂತೀರಿ! ಒಳಗೂ ನೀಲಿ, ಕಪ್ಪು. ಸೀಟಿಗೆ ಮಖಮಲ್ಲಿನಂಥ ಬಟ್ಟೆ, ಸ್ಟೀರಿಂಗಿನ ಚರ್ಮವೂ ಎರಡು ಬಣ್ಣ, ಮುಂದಿನ ಮೀಟರುಗಳಿಗೆಲ್ಲ ಬೆಳ್ಳಿಯಂಥ ಹೊಳೆಯುವ ಬಳೆ. ಕೊಂಡಾಗ ಮಾಮೂಲಿ ಕಾರಿಗಿಂತ ಸಾವಿರಾರು ಡಾಲರು ಹೆಚ್ಚು ಬೆಲೆ. ಇಪ್ಪತ್ತು ವರ್ಷದಲ್ಲಿ ಓಡಿದ್ದು ಹನ್ನೊಂದು ಸಾವಿರ ಮೈಲಿ. ಮಗಳು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದಳು. ಎಂಜಿನ್ ಎರಡಕ್ಕೂ ಒಂದೇ, 1.8 ಲೀಟರಿನದು, 140 ಅಶ್ವಶಕ್ತಿ. ನೀಲಿಗೆ ಐದರ ಬದಲು ಆರು ಗೇರು, ಕುಲುಕಾಟ ತಡೆಯಲು ಬಿಲ್‌ಸ್ಟೈನ್ ಷಾಕ್ ಅಬ್ಸಾರ್ಬರು. ಮಿಕ್ಕದ್ದರಲ್ಲಿ ಬಹಳಷ್ಟು ಒಡವೆ-ವಸ್ತ್ರವೇ.

"ಓಡಿಸಿ ನೋಡಮ್ಮ" ಎಂದು ಆಕೆ ಕೀಲಿಕೈ ಕೊಟ್ಟರು. ಮಗಳು ಒಬ್ಬಳೇ ಹೋದಳು. ನಾವಿಬ್ಬರು ಮುದುಕಿಯರು ಗ್ಯಾರೇಜಿನಲ್ಲಿ ಉಳಿದೆವು.

ಆಕೆ ಒಂದು ಪೆಟ್ಟಿಗೆ ತಂದರು. ಅಮೆರಿಕದಲ್ಲಿ ಈ ಕಾರು ಕೊಂಡವರಿಗೆ ಕಂಪನಿ ಎರಡು ಕೈಗಡಿಯಾರ ಕೊಟ್ಟಿತ್ತಂತೆ, ಗಂಡಿಗೊಂದು ಹೆಣ್ಣಿಗೊಂದು. ಎರಡೂ ಹೊಚ್ಚ ಹೊಸವು. ಸೆಲ್ ಸತ್ತು ನಿಂತುಹೋಗಿದ್ದವು. ಒಂದು ನಾಲ್ಕೂ ಕಾಲಕ್ಕೆ, ಇನ್ನೊಂದು ಹನ್ನೊಂದಕ್ಕೆ. "ಇದು ನನ್ನದು. ಒಂದು ದಿನವೂ ಕಟ್ಟಲಿಲ್ಲ. ಕಟ್ಟಿದರೆ ಸೆಟ್ ಕೆಡುತ್ತೆ, ಬೆಲೆ ಹೋಗುತ್ತೆ ಅಂತ ಅವರು ಬಿಡಲಿಲ್ಲ" ಎಂದರು. ಬಯ್ಗುಳವೇನಲ್ಲ, ಸುಮ್ಮನೆ ಹೇಳಿದ ಹಾಗೆ. ಮಳೆಯಲ್ಲಿ ಕಾರು ತೆಗೆಯುತ್ತಿರಲಿಲ್ಲವಂತೆ, ಬಿಸಿಲಿನಲ್ಲೂ ಇಲ್ಲವಂತೆ. ಸಮುದ್ರ ಹತ್ತಿರ, ಉಪ್ಪುಗಾಳಿ ಅಂತ ಅಲ್ಲಿಗೂ ಇಲ್ಲವಂತೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಬೀರುವಿನ ಮೇಲಿನ ಅರೆಯ ಸಂಗತಿಯನ್ನು ಹೇಗೋ ಹೇಳಿದೆ. ಅವರಿಗೆ ಅರ್ಥವಾಯಿತು. ಬಹಳ ಹೊತ್ತು ನಕ್ಕರು.

ಮಾರನೆಯ ದಿನ ನೋಡಿದ್ದು ಕೆಂಪು. ಮಾಲೀಕ ಒಬ್ಬ ಶಾಲಾ ಮೇಷ್ಟರು. ದಿನಾ ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದವರು. ಓಡಿದ್ದು ಒಂದು ಲಕ್ಷದ ಇಪ್ಪತ್ತು ಸಾವಿರ ಮೈಲಿ. ಡ್ರೈವರ್ ಸೀಟಿನ ಅಂಚು ಹರಿದಿತ್ತು, ಬಣ್ಣ ಅಲ್ಲಲ್ಲಿ ಹಳೇ ಕುಂಕುಮದ ಹಾಗೆ ಪೇಲವ. ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು, ಎಣ್ಣೆ ಯಾವಾಗ ಹಾಕಿಸಿದ್ದು, ಎಲ್ಲದರ ರಸೀದಿಯನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದರು. ಆ ಡಬ್ಬಿ ನನಗೆ ಹಿಡಿಸಿತು, ಕಾರು ಹಿಡಿಸಲಿಲ್ಲ.

ರಾತ್ರಿ ಚಪಾತಿ ಲಟ್ಟಿಸುತ್ತಾ ನಾನು ನೀಲಿಯ ಪರ ವಾದ ಹೂಡಿದೆ. ನಂಬರಿದೆ, ನಾಳೆ ಮಾರಿದರೂ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಗಡಿಯಾರದ ಸಮೇತ ಸೆಟ್ ಪೂರ್ತಿ ಇದೆ. ಮಗಳು ಸಮಾಧಾನವಾಗಿ ಕೇಳಿಸಿಕೊಂಡಳು. ವಿಶೇಷ ಆವೃತ್ತಿಗಳಿಗೆ ಕೊನೆಯಿಲ್ಲ ಎಂದಳು. ಆ ವರ್ಷವೇ ಮೂವತ್ತನೇ ವರ್ಷದ್ದು ಅಂತ ಕಿತ್ತಳೆ ಬಣ್ಣದ್ದು 3,000 ಮಾಡಿದ್ದರು, ಅಮೆರಿಕಕ್ಕೆ ಮೊದಲು ಕೊಟ್ಟ 500 ಕೆಲವೇ ಗಂಟೆಗಳಲ್ಲಿ ಮುಗಿದುಹೋದವಂತೆ. "ನೀಲಿಯನ್ನು ಓಡಿಸಿದರೆ ಬೆಲೆ ಇಳಿಯುತ್ತೆ ಅಮ್ಮ. ಓಡಿಸದಿದ್ದರೆ ಟೈರು, ಹೋಸು, ರಬ್ಬರೆಲ್ಲ ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತೆ. ನಾನು ಅದಕ್ಕೆ ಕಾವಲು ಕೂರಬೇಕಷ್ಟೆ. ಆರನೇ ಗೇರು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ತಿರುವಿನಲ್ಲಿ ಎರಡೂ ಒಂದೇ ಥರ ನಗುತ್ತವೆ."

"ಆದರೂ ಸೆಟ್ ಪೂರ್ತಿ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಈ ಮಾತನ್ನು ಹಿಂದೆಯೂ ಆಡಿದ್ದೆ. ಆ ಹುಡುಗನನ್ನು ಒಪ್ಪಿದ್ದು ನಾನು. ರ್‍ಯಾಂಕು, ಸಂಬಳ, ಮನೆತನ, ಜಾತಕ, ಒಂದೂ ಕಡಿಮೆಯಿರಲಿಲ್ಲ. ಮಗಳು "ಇನ್ನೊಂದು ಸ್ವಲ್ಪ ಮಾತಾಡಿ ನೋಡ್ತೀನಿ" ಎಂದದ್ದಕ್ಕೆ "ಇಂಥದ್ದು ಮತ್ತೆ ಸಿಗುತ್ತೇನೆ?" ಅಂದಿದ್ದೆ. ಆಮೇಲೆ ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಅದನ್ನು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಚಪಾತಿ ಸೀದುಹೋಗ್ತಿದೆ" ಎಂದಳು.

ಕೆಂಪು ಕಾರು ಶುಕ್ರವಾರ ಬಂತು. ನೀಲಿ ಕಾರಿನ ಆಕೆಗೆ ಮಗಳು ಫೋನ್ ಮಾಡಿ ಬೇಡವೆಂದು ಹೇಳಿದಾಗ ಅವರು ಬೇಸರಪಡಲಿಲ್ಲವಂತೆ. ತಮ್ಮ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದ್ದೇನೆ, ಇನ್ನು ಸೆಟ್ ಇಲ್ಲ, ಬೆಲೆ ಇಳಿಸಬೇಕು, ಎಂದರಂತೆ. ನಿಮ್ಮ ತಾಯಿಗೆ ಹೇಳು ಎಂದೂ ಅಂದರಂತೆ.

ಭಾನುವಾರ ಬೆಳಿಗ್ಗೆ ಸ್ಕೈಲೈನ್ ಬುಲೆವಾರ್ಡ್ ಎಂಬ ಬೆಟ್ಟದ ರಸ್ತೆಗೆ ಹೊರಟೆವು. ರೆಡ್‌ವುಡ್ ಮರಗಳ ನಡುವೆ ಮಂಜು ಹರಿದುಬರುತ್ತದೆ, ನಮ್ಮ ಆಗುಂಬೆಯ ಹಾಗೆಯೇ ಅಂತ ಮಗಳು ಆಸೆ ಹುಟ್ಟಿಸಿದ್ದಳು. ನಾನು ನೇರಳೆ ಸೀರೆ ಉಟ್ಟು ಬಂದೆ. ಅವಳು ನೋಡಿದಳು, ಏನೂ ಅನ್ನಲಿಲ್ಲ. ಕಾರು ನೆಲಕ್ಕೆ ಎಷ್ಟು ತಗ್ಗು ಅಂದರೆ ಅದರಲ್ಲಿ ಕೂರುವುದು ಮಣೆಯ ಮೇಲೆ ಊಟಕ್ಕೆ ಕೂತ ಹಾಗೆ. ನನ್ನ ಮಂಡಿ ಎರಡು ಸಲ ಕಟಕಟ ಎಂದಿತು. ಅವಳು ಚಾವಣಿ ಮಡಚಿ, ಈ ಕಡೆ ಬಾಗಿ ನನ್ನ ಬೆಲ್ಟ್ ಹಾಕಿದಳು.

"ಸೆರಗು ಒಳಗೆ ಸಿಗಿಸ್ಕೋ ಅಮ್ಮ, ಗಾಳಿ ಜೋರಿರುತ್ತೆ."

"ಹಾರಿದರೆ ಹಾರಲಿ ಬಿಡೇ" ಎಂದೆ. ಆದರೂ ಸಿಗಿಸಿಕೊಂಡೆ.