ಫ್ರಾನ್ಸಿನಲ್ಲಿ ಹೆಸರಿನ ಕಾನೂನು

ಫ್ರಾನ್ಸಿನಲ್ಲಿ ಮಗುವಿಗಿಡುವ ಹೆಸರನ್ನು 1803ರ ಕಾನೂನೊಂದು ಬಹುಕಾಲ ಕಟ್ಟಿಹಾಕಿತ್ತು. ಕ್ಯಾಲೆಂಡರಿನಲ್ಲಿ ದಿನಗಳಿಗೆ ಕೊಟ್ಟಿರುವ ಹೆಸರು (ಸಂತರ ಹೆಸರಿನಂಥವು), ಇಲ್ಲವೇ ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರು ಮಾತ್ರ ಇಡಬಹುದಿತ್ತು. ಬೇರೆಯದಕ್ಕೆ ನೋಂದಣಿ ಇರಲಿಲ್ಲ. ಇದರ ಬಿಸಿ ಫ್ರಾನ್ಸಿನ ಪಶ್ಚಿಮ ಭಾಗದ ಬ್ರೆಟನ್ ಭಾಷಿಕರಿಗೂ ತಟ್ಟಿತು: ಅವರ ನುಡಿಯ ಹೆಸರುಗಳನ್ನೇ ಅಧಿಕಾರಿಗಳು ನಿರಾಕರಿಸಿದ್ದುಂಟು. 1966ರಲ್ಲಿ ನಿಯಮ ಸಡಿಲವಾಯಿತು, 1993ರಲ್ಲಿ ಆಯ್ಕೆ ತಂದೆತಾಯಿಯ ಕೈಗೆ ಬಂತು. ಈಗ ಹೆಸರು ಮಗುವಿನ ಹಿತಕ್ಕೆ ಧಕ್ಕೆ ತರುವಂತೆ ಕಂಡರೆ ನೋಂದಣಾಧಿಕಾರಿ ಸರ್ಕಾರಿ ವಕೀಲರಿಗೆ ತಿಳಿಸುತ್ತಾರೆ, ತೀರ್ಮಾನ ನ್ಯಾಯಾಲಯದ್ದು. ‘ನುಟೆಲ್ಲಾ’ ಎಂದು (ಬ್ರೆಡ್ಡಿಗೆ ಸವರುವ ಚಾಕೊಲೇಟಿನ ಹೆಸರು ಅದು!) ಹೆಸರಿಟ್ಟಿದ್ದ ಹೆಣ್ಣುಮಗು ಹೀಗೆಯೇ ‘ಎಲ್ಲಾ’ ಆಯಿತು. ಇಂಥದೇ ಹೆಸರಿಡಿ ಎಂದು ಸರ್ಕಾರ ಪಟ್ಟಿ ಕೊಡುವುದಕ್ಕಿಂತ, ಮಗುವನ್ನು ಗೇಲಿಗೆ ಗುರಿಮಾಡುವಂಥ ಹೆಸರನ್ನು ನ್ಯಾಯಾಲಯ ತಡೆಯುವ ಈ ಕ್ರಮವೇ ಮೇಲು.